ಕರ್ಕಿಯ ಹುಲಿ ದಾಂಡೇಲಿಗೆ ಹೋದದ್ದು

ಹುಲಿವೇಷ ತನಗೆ ಕೊಡು ಎಂದು ಕೇಳಿದ ಮೊಮ್ಮಗಳಿಗೆ ಬೀರಪ್ಪ ಹೂಂ ಎನ್ನಲಿಲ್ಲ, ಉಹೂಂ ಎಂದೂ ಎನ್ನಲಿಲ್ಲ. ಜಗಲಿಯ ತುದಿಗೆ ಹೋಗಿ ಎಲೆಯಡಿಕೆಯ ಕವಳ ಉಗಿದು ಬಂದು, ಲುಂಗಿ ಸರಿಮಾಡಿಕೊಂಡು ಕೂತು, "ಅದನ್ನ ಒಂದ್ಸಲ ಕಂಡು ಬಾ. ಮತ್ತೆ ನೋಡ್ವ" ಎಂದ.

"ಯಾವುದನ್ನ ಅಜ್ಜ?" ಎಂದಳು ದಿವ್ಯಶ್ರೀ.

"ಯಾವ ವೇಷ ಕೇಳ್ತೆ ನೀನು? ಅದನ್ನೇ."

ಕರ್ಕಿಯಲ್ಲಿ ಈ ಮಾತು ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಲ್ಲ ಎನ್ನುವುದಕ್ಕೆ ಮುದುಕ ಒಳ್ಳೆಯ ಉಪಾಯ ಹುಡುಕಿದ ಎಂದು ಜನ ನಕ್ಕರು. ಹೊನ್ನಾವರದ ಕಾಲೇಜಿಗೆ ಬಿ.ಕಾಂ. ಓದಲು ಹೋಗುವ ಹುಡುಗಿ ಹುಲಿಯನ್ನು ಎಲ್ಲಿ ಕಂಡಾಳು? ಮೃಗಾಲಯದ ಹುಲಿ ನಡೆಯುವುದಿಲ್ಲ ಎಂದು ಬೀರಪ್ಪ ಮೊದಲೇ ಹೇಳಿಬಿಟ್ಟಿದ್ದ. ಬೋನಿನೊಳಗೆ ಸುತ್ತು ಹೊಡೆಯುವ ಪ್ರಾಣಿ ಅವನ ಮಟ್ಟಿಗೆ ಜೈಲಿನ ಕೈದಿ. ಮೊಬೈಲಿನಲ್ಲಿ ಕಂಡದ್ದಂತೂ ಲೆಕ್ಕಕ್ಕೇ ಇಲ್ಲ.

ಈ ಮಾತಿಗೆ ನಗಲಾರದೆ ಉಳಿದವನೆಂದರೆ ಹುಡುಗಿಯ ಅಪ್ಪ ಭಾಸ್ಕರ.

ಆ ಮನೆಯ ಹುಲಿಯೆಂದರೆ ಊರಿಗೆ ಏನು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಯಕ್ಷಗಾನದ ಆಟದಲ್ಲಿ ಬೇಟೆಯ ಸಂದರ್ಭ ಬಂದಾಗ ಹುಲಿ ರಂಗಕ್ಕೆ ಬರುತ್ತದೆ. ಬೇರೆ ಹುಲಿಗಳು ಹಾರುತ್ತವೆ, ಲಾಗ ಹೊಡೆಯುತ್ತವೆ, ಜನರ ನಡುವೆ ನುಗ್ಗಿ ಮಕ್ಕಳನ್ನು ಅಳಿಸುತ್ತವೆ. ಬೀರಪ್ಪನ ಹುಲಿಯೂ ಇದನ್ನೆಲ್ಲ ಒಂದಿಷ್ಟು ಮಾಡುತ್ತಿತ್ತು. ಆದರೆ ಚಂಡೆ ಏರಿ ಏರಿ, ಇನ್ನು ದೊಡ್ಡದೊಂದು ಹಾರಿಕೆ ಹಾರುತ್ತದೆ ಎಂದು ಜನ ಕತ್ತು ಚಾಚಿ ಕೂತಿರುವಾಗ, ಅದು ನಡು ರಂಗದಲ್ಲಿ ನಿಂತುಬಿಡುತ್ತಿತ್ತು. ಚಂಡೆ ನಿಲ್ಲುತ್ತಿರಲಿಲ್ಲ, ಇನ್ನೂ ಜೋರಾಗುತ್ತಿತ್ತು. ಹುಲಿ ಮಾತ್ರ ಒಂದು ಕೈ ಮುಂದಿಟ್ಟು, ತಲೆ ತಗ್ಗಿಸಿ, ಜನರನ್ನು ನೋಡುತ್ತ ಹಾಗೆಯೇ ಇರುತ್ತಿತ್ತು. ಅಷ್ಟು ಹೊತ್ತು ಶೇಂಗಾ ಮಾರುವವನೂ ಕೂಗುತ್ತಿರಲಿಲ್ಲ. ಮಂಕಿಯಿಂದ ಹಿರೇಗುತ್ತಿಯವರೆಗೆ ಅದಕ್ಕೆ ಬೀರಪ್ಪನ ನಿಲುವು ಎಂದೇ ಹೆಸರಾಗಿತ್ತು. ಹುಲಿಯ ಹಾರಿಕೆ ನೋಡಲು ಎಲ್ಲಿಗಾದರೂ ಹೋಗಬಹುದು, ನಿಲುವು ನೋಡಲು ಕರ್ಕಿಯವರ ಆಟಕ್ಕೇ ಬರಬೇಕು ಎನ್ನುತ್ತಿದ್ದರು.

ಮೊಣಕಾಲು ಕೈಕೊಟ್ಟ ಮೇಲೆ ಬೀರಪ್ಪ ವೇಷವನ್ನು ಮಗನಿಗೆ ಕೊಟ್ಟ. ಭಾಸ್ಕರನ ಮೊದಲ ಆಟ ಮಂಕಿಯ ಬಯಲಿನಲ್ಲಿ. ಕುಣಿತಕ್ಕೇನೂ ಕೊರತೆಯಿರಲಿಲ್ಲ. ನಿಲ್ಲಬೇಕಾದಲ್ಲಿ ನಿಂತ. ನಿಂತ ಕೂಡಲೇ ತೊಡೆ ನಡುಗಲು ಶುರುವಾಯಿತು. ಕಾಲಿನ ಗೆಜ್ಜೆ ತನ್ನಷ್ಟಕ್ಕೆ ಗಲಗಲ ಎಂದಿತು. ಹಿಂದಿನಿಂದ ಯಾರೋ, "ಹುಲಿಗೆ ಚಳಿಜ್ವರ ಬಂದದೆ, ಒಂದು ಕಂಬಳಿ ಕೊಡ್ರ" ಎಂದು ಕೂಗಿದರು. ಇಡೀ ಬಯಲು ನಕ್ಕಿತು. ಬಣ್ಣ ಹಚ್ಚುವ ಚೌಕಿಗೆ ಓಡಿದ ಭಾಸ್ಕರ ಮತ್ತೆಂದೂ ಆ ವೇಷ ಕಟ್ಟಲಿಲ್ಲ. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಈಗಲೂ ಅನಿಸುವುದುಂಟು. ಮುಂದೆ ಬಸ್ ಕಂಡಕ್ಟರ್ ಆಗಿ, ಭಟ್ಕಳಕ್ಕೂ ಕುಮಟೆಗೂ ನಡುವೆ ಓಡಾಡುತ್ತ ಅರ್ಧ ಆಯುಷ್ಯ ಕಳೆದ. ಬಸ್ಸಿನಲ್ಲಿ ಎಷ್ಟು ನೂಕುನುಗ್ಗಲಿದ್ದರೂ ಅವನ ಕಾಲು ನಡುಗಿದ್ದಿಲ್ಲ. ಅದು ಯಾಕೆ ಹಾಗೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಈಗ ಹಿರೇಗುತ್ತಿಯಲ್ಲಿ ದೊಡ್ಡ ಆಟವೊಂದು ಗೊತ್ತಾಗಿತ್ತು. ಮೇಳ ನಡೆಸುವ ಕೃಷ್ಣಾನಂದ ಬಸ್ಸಿನಲ್ಲೇ ಭಾಸ್ಕರನನ್ನು ಹಿಡಿದ.

"ನಿಮ್ಮನೆ ಹುಲಿ ಬರ್ತದ್ಯಾ ಇಲ್ವಾ, ಈ ಆಯ್ತವಾರದೊಳಗೆ ಹೇಳು ಮಾರಾಯ. ಇಲ್ದಿದ್ರೆ ಕುಮಟೆ ಬದಿಯ ಹುಡುಗ ಒಬ್ಬ ಇದ್ದಾನೆ. ಬೆಂಕಿ ಬಳೆಯೊಳಗೆಲ್ಲ ಹಾರ್ತಾನಂತೆ."

"ಬೆಂಕಿ ಬಳೆ ಎಂತಕ್ಕೆ? ಅದೇನು ಸರ್ಕಸ್ಸಾ?"

"ಜನ ಅದನ್ನೇ ಕೇಳೂದು. ನಿನ್ನಪ್ಪನ ಹಾಂಗೆ ನಿಲ್ಲೂರು ಯಾರಿದ್ದಾರೆ ಈಗ?"

ಭಾಸ್ಕರ ಅವನಿಗೆ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ಮನೆಗೆ ಬಂದು, ಊಟ ಮಾಡಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿಗೆ ಜಾಗ ಕಾದಿರಿಸುವುದು ಹೇಗೆ ಎಂದು ಮಗಳ ಹತ್ತಿರ ಕೇಳಿದ. ಕಾದಿರಿಸಿದ ಚೀಟಿಯನ್ನು ಮೂರು ಪ್ರತಿ ಮಾಡಿಸಿಕೊಂಡ. ಅಷ್ಟಕ್ಕೂ ಸಮಾಧಾನವಾಗದೆ ಮಾರನೆಯ ದಿನ ಅಲ್ಲಿಗೇ ಫೋನ್ ಮಾಡಿ, ಹುಲಿ ಕಾಣುತ್ತದೆಯೇ ಎಂದು ವಿಚಾರಿಸಿದ. ಆ ಕಡೆಯವನು ಶಾಂತವಾಗಿ, "ಕಾಡು ಕಾಣ್ತದೆ ಸರ್" ಎಂದ.

ಹೆಂಡತಿ ರೇಖಾಳಿಗೆ ಈ ಹೊರಡುವಿಕೆ ಸರಿಬರಲಿಲ್ಲ. "ನಿಮಗೆ ಗೊತ್ತಾಗೂದಿಲ್ವಾ? ಹೋಗದೆ ಇದ್ರೆ ಮಾವನ ಮಾತು ಹಾಂಗೇ ಅರ್ಧಕ್ಕೆ ಇರ್ತದೆ. ಹೋಗಿ, ಕಾಣದೆ ಬಂದ್ರೆ ಮುಗೀತು. ಮತ್ತೆ ಹುಡುಗಿ ಎಂತ ಹೇಳಿ ಕೇಳೂದು?"

ಇದೇ ಯೋಚನೆ ಭಾಸ್ಕರನನ್ನೂ ಕೊರೆಯುತ್ತಿತ್ತು. ತಾನೇ ಮುಂದೆ ನಿಂತು ಮಗಳ ಆಸೆಗೆ ಕಲ್ಲು ಹಾಕುತ್ತಿದ್ದೇನೋ ಎಂದು ಎದ್ದರೂ ಕೂತರೂ ಅದೇ. ಆದರೆ ದಿವ್ಯಶ್ರೀ ಆಗಲೇ ಚೀಲ ತುಂಬಿಕೊಂಡಿದ್ದಳು. ಹೊರಡುವ ದಿನ ನೋಡಿದರೆ ಬೀರಪ್ಪನೂ ಬಿಳಿ ಅಂಗಿ ತೊಟ್ಟು, ಊರುಗೋಲು ಹಿಡಿದು, ಕವಳದ ಸಂಚಿ ಸೊಂಟಕ್ಕೆ ಸಿಕ್ಕಿಸಿ ತಯಾರಾಗಿ ನಿಂತಿದ್ದ.

"ನೀ ಎಲ್ಲಿಗೆ ಅಪ್ಪ?"

"ನೀವು ಅಲ್ಲಿ ದನ ಕಂಡು ಬಂದು ಮತ್ತೊಂದು ಹೇಳಿದ್ರೆ? ನಾನೂ ಬತ್ತೆ."

ಅಂಕೋಲೆ, ಯಲ್ಲಾಪುರ ದಾಟಿ ಸಂಜೆಗೆ ದಾಂಡೇಲಿ ಸೇರಿ, ಅಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ಇಬ್ಬನಿ ಹರಿಯುವ ಮೊದಲೇ ಮೂವರೂ ಸಫಾರಿಯ ತೆರೆದ ಜೀಪಿನಲ್ಲಿ ಕೂತರು. ಅದೇ ಜೀಪಿಗೆ ಭಟ್ಕಳದ ಬಟ್ಟೆ ಅಂಗಡಿಯ ಜುಬೇರ್ ಸಾಹೇಬರೂ ಅವರ ಹೆಂಡತಿಯೂ ಬಂದರು. ಸಾಹೇಬರು ಭಾಸ್ಕರನನ್ನು ಕಂಡವರೇ, "ಅರೆ, ಕಂಡಕ್ಟರ್ ಸಾಬ್. ಇಲ್ಲೂ ನೀವೇನಾ? ಹಿಂದೆ ಹೋಗಿ, ಹಿಂದೆ ಹೋಗಿ ಅಂತ ಇಲ್ಲೂ ಹೇಳ್ತೀರಾ?" ಎಂದರು. ಭಾಸ್ಕರನಿಗೆ ನಗು ಬಂತು. ನಗುತ್ತಲೇ, ಹುಲಿ ಕಾಣದಿದ್ದರೆ ಅದಕ್ಕೆ ಊರಿನವರೇ ಒಬ್ಬರು ಸಾಕ್ಷಿಯಾದರಲ್ಲ ಎಂಬ ಚಿಂತೆಯೂ ಬಂತು.

ಜೀಪು ನಡೆಸುವ ಗೈಡ್ ನಿಯಮಗಳನ್ನು ಹೇಳಿದ. ಕೆಳಗಿಳಿಯಬಾರದು. ಕೂಗಬಾರದು. ಮೊಬೈಲ್ ಸದ್ದು ಮಾಡಬಾರದು. ಎಲ್ಲರೂ ತಲೆಯಾಡಿಸಿದ ಮೇಲೆ ಬೀರಪ್ಪ ತನ್ನದೊಂದು ಸೇರಿಸಿದ: "ಕಾಡೊಳಗೆ ಅದರ ಹೆಸರು ಹೇಳೂಕೆ ಆಗ."

"ಮತ್ತೆ ಎಂತ ಹೇಳೂದು ಅಜ್ಜ?" ಎಂದು ಸಾಹೇಬರು ಕೇಳಿದರು.

"ಅದು ಅನ್ನಿ, ಸಾಕು. ಅದಕ್ಕೆ ಗೊತ್ತಾಗ್ತದೆ."

ಕಾಡು ಕಂಡಿತು. ಫೋನಿನವನು ಹೇಳಿದ್ದು ಸುಳ್ಳಾಗಲಿಲ್ಲ. ತೇಗ, ಮತ್ತಿ, ಬಿದಿರು, ಮತ್ತೆ ಬಿದಿರು. ದಾರಿಯ ಬದಿಯಲ್ಲಿ ಕಾಡುಕೋಳಿ ಕೆದರುತ್ತಿತ್ತು. ಕಾಲಿಗೆ ಬಿಳಿ ಕಾಲುಚೀಲ ಹಾಕಿದಂತಿದ್ದ ಕಾಟಿ ಎಂಬ ಕಾಡುಕೋಣಗಳ ಹಿಂಡೊಂದು ಮೇಯುವುದನ್ನು ಬಿಟ್ಟು ಇವರನ್ನು ನೋಡಿತು. ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾದಾಗ ಅದರ ರೆಕ್ಕೆಯ ಸದ್ದಿಗೆ ಸಾಹೇಬರ ಹೆಂಡತಿ ಬೆಚ್ಚಿ, ಆಮೇಲೆ ಬಹಳ ಹೊತ್ತು ಖುಷಿಪಟ್ಟರು. ಭಾಸ್ಕರ ಮಾತ್ರ ಒಂದನ್ನೂ ಸರಿಯಾಗಿ ನೋಡಲಿಲ್ಲ. ಪ್ರತಿಯೊಂದು ಪೊದೆಯ ಬುಡ ಹುಡುಕಿ ಹುಡುಕಿ ಅವನ ಕಣ್ಣು ನೀರಾಡಿತು.

"ಇಲ್ಲಿ ಕಾಣೂದು ಕಷ್ಟ ಸರ್," ಎಂದ ಗೈಡ್. ಭಾಸ್ಕರನ ಮುಖ ನೋಡಿ ಅವನಿಗೆ ಪಾಪ ಅನಿಸಿರಬೇಕು. "ಕಾಡು ಬಹಳ ದಟ್ಟ. ನಾನೇ ತಿಂಗಳುಗಟ್ಟಲೆ ಕಾಣದೆ ಇದ್ದದ್ದುಂಟು. ಅದು ನಮ್ಮನ್ನು ದಿನಾ ಕಾಣ್ತದೆ, ಆ ಮಾತು ಬೇರೆ."

ಹೊತ್ತು ಏರಿತು. ಗೈಡ್ ಜೀಪು ತಿರುಗಿಸಿದ. ದಿವ್ಯಶ್ರೀ ಮುಂದಿನ ಸೀಟಿನ ಮೂಲೆಯಲ್ಲಿ ಕಂಬಿ ಹಿಡಿದು ಕೂತವಳು ಹಿಂದೆ ತಿರುಗಿಯೂ ನೋಡಲಿಲ್ಲ. ಮಗಳ ಜಡೆ ಜೀಪಿನ ಕುಲುಕಿಗೆ ಆಡುವುದನ್ನೇ ನೋಡುತ್ತ ಭಾಸ್ಕರ, ಕೃಷ್ಣಾನಂದನಿಗೆ ಏನೆಂದು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ.

ಆಗ ಮರದ ಮೇಲಿನಿಂದ ಮುಸ್ಯ ಮಂಗವೊಂದು ಕೆಮ್ಮಿದಂತೆ ಕೂಗಿತು. ಮತ್ತೊಂದು ಕೂಗಿತು. ಗೈಡ್ ಎಂಜಿನ್ ನಿಲ್ಲಿಸಿ ಬೆರಳು ತುಟಿಗಿಟ್ಟ. ಎಲ್ಲರೂ ಉಸಿರು ಹಿಡಿದು ಕೂತರು. ಏನೂ ಬರಲಿಲ್ಲ. ಕೂಗು ನಿಂತಿತು. ಗೈಡ್ ತಲೆ ಅಲ್ಲಾಡಿಸಿ ಮತ್ತೆ ಜೀಪು ಹೊರಡಿಸಿ ನಿಧಾನವಾಗಿ ತಿರುವಿಗೆ ಹೊರಳಿಸಿದ. ಅವನ ಗಮನ ಬಲಗಡೆಯ ಹಳ್ಳದ ಮೇಲಿತ್ತು. ಎಡಗಡೆಯ ಬಿದಿರು ಮೆಳೆಯಲ್ಲಿ, ಒಣ ಎಲೆಯ ಬಣ್ಣದ ಏನೋ ಒಂದು ಒಣ ಎಲೆಯಂತಿಲ್ಲದೆ ಸರಿದದ್ದು ಮೊದಲು ಭಾಸ್ಕರನ ಕಣ್ಣಿಗೆ ಬಿತ್ತು.

ಇಲ್ಲಿ ಭಾಸ್ಕರ ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಇಷ್ಟು ವರ್ಷ, ಬಸ್ಸು ನಿಲ್ಲಬೇಕಾದಲ್ಲೆಲ್ಲ ಅವನ ಕೈ ಮತ್ತು ಬಾಯಿ ಅವನನ್ನು ಕೇಳದೆಯೇ ಮಾಡುತ್ತ ಬಂದ ಕೆಲಸವನ್ನು ಈಗಲೂ ಮಾಡಿದವು. ಅಂಗೈಯಿಂದ ಜೀಪಿನ ತಗಡಿಗೆ ಧಡ್ ಧಡ್ ಎಂದು ಬಡಿದು, "ಹೋಲ್ಡಾನ್!" ಎಂದು ಕೂಗಿದ.

ಜೀಪು ಗಕ್ಕನೆ ನಿಂತಿತು. ಮೆಳೆಯಿಂದ ಆಗಷ್ಟೇ ರಸ್ತೆಗೆ ಕಾಲಿಟ್ಟಿದ್ದ ಅದೂ ನಿಂತಿತು.

ನಿಂತು, ತಲೆ ತಿರುಗಿಸಿ ಇವರನ್ನು ನೋಡಿತು. ಒಂದು ಮುಂಗಾಲು ಮುಂದಿತ್ತು. ಬೆನ್ನಿಗಿಂತ ಮೇಲೆ ಎರಡು ಭುಜದ ಮೂಳೆ ಎದ್ದು ಕಾಣುತ್ತಿದ್ದವು. ಕೋಪ ಬಂದಂತೆ ಕಾಣಲಿಲ್ಲ. ಗುರುಗುಟ್ಟಲೂ ಇಲ್ಲ. ಸುಮ್ಮನೆ ನೋಡಿತು, ಅಷ್ಟೆ. ಆ ನೋಟದ ಕೆಳಗೆ ಸಾಹೇಬರ ಕೈಯಿಂದ ಮೊಬೈಲ್ ಜಾರಿ ಕಾಲ ಬುಡಕ್ಕೆ ಬಿತ್ತು, ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ. ಅವರ ಹೆಂಡತಿ ಗಂಡನ ತೋಳು ಹಿಡಿದು ಕಣ್ಣು ಮುಚ್ಚಿದ್ದರು. ಭಾಸ್ಕರನ ತೊಡೆ, ಮಂಕಿಯ ಬಯಲಿನಲ್ಲಿ ಮಾಡಿದ್ದಂತೆಯೇ, ತನ್ನಷ್ಟಕ್ಕೆ ಕುಣಿಯುತ್ತಿತ್ತು.

ಅಪ್ಪ ಕಂಡನೋ ಇಲ್ಲವೋ ಎಂದು ಭಾಸ್ಕರ ಕಣ್ಣು ಹೊರಳಿಸಿದ. ಬೀರಪ್ಪ ರಸ್ತೆಯ ಕಡೆ ನೋಡುತ್ತಲೇ ಇರಲಿಲ್ಲ. ಊರುಗೋಲಿನ ಮೇಲೆ ಗದ್ದ ಊರಿ, ಮೊಮ್ಮಗಳನ್ನು ನೋಡುತ್ತಿದ್ದ.

ಆಗ ಭಾಸ್ಕರನೂ ನೋಡಿದ. ದಿವ್ಯಶ್ರೀಯ ಒಂದು ಕೈ ಮುಂದಿನ ಕಂಬಿಯ ಮೇಲಿತ್ತು. ತಲೆ ತಗ್ಗಿತ್ತು, ಕಣ್ಣು ತಗ್ಗಿರಲಿಲ್ಲ. ಅಂಗಿಯ ಬಟ್ಟೆಯೊಳಗೆ ಅವಳ ಭುಜವೆರಡೂ ಮೇಲೆದ್ದು ಗಟ್ಟಿಯಾಗಿದ್ದವು. ಅವಳ ಜಡೆಯೂ ಅಲ್ಲಾಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ರಂಗದ ಅಂಚಿಗೆ ಚಾಪೆ ಹಾಸಿ ಕೂತು ತಾನು ಕಣ್ಣು ಮಿಟುಕಿಸದೆ ನೋಡಿದ ಅಪ್ಪನ ಹುಲಿ, ಬಣ್ಣವಿಲ್ಲದೆ, ಬಾಲವಿಲ್ಲದೆ, ಹಸಿರು ಚೂಡಿದಾರ ತೊಟ್ಟು ಎದುರಿಗೆ ಕೂತಿದೆ ಎಂದು ಅವನಿಗೆ ಅನಿಸಿತು.

ಅದು ಮುಖ ತಿರುಗಿಸಿ, ಯಾವ ಅವಸರವೂ ಇಲ್ಲದೆ ರಸ್ತೆ ದಾಟಿ ಹಳ್ಳಕ್ಕೆ ಇಳಿದು ಹೋಯಿತು.

ಗೈಡಿಗೆ ಮೊದಲು ಮಾತು ಬಂತು. "ಯಾರ್ರೀ ಅದು ಹೋಲ್ಡಾನ್ ಅಂದಿದ್ದು? ಇದೇನು ಬಸ್ಸಾ? ಕೂಗಬೇಡಿ ಅಂತ ಬಾಯಿಬಿಟ್ಟು ಹೇಳಿದ್ದೆನಲ್ಲ."

"ತಪ್ಪಾಯ್ತು," ಎಂದ ಭಾಸ್ಕರ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು. "ಗೊತ್ತಾಗ್ದೆ ಬಂತು. ನಿಜಕ್ಕೂ ತಪ್ಪಾಯ್ತು."

"ಬಿಡಿ ಗೈಡ್ ಸಾಬ್, ಅವರು ಬಸ್ಸಿನವರೇ," ಎಂದರು ಸಾಹೇಬರು, ಮೊಬೈಲಿಗಾಗಿ ಕಾಲ ಬುಡ ತಡಕುತ್ತ. "ನಮ್ಮ ಭಟ್ಕಳ ಸರ್ಕಲ್‌ನಲ್ಲಿ ನಾವು ಓಡಿ ಬಂದರೂ ಇವರು ಬಸ್ಸು ನಿಲ್ಲಿಸೂದಿಲ್ಲ. ಇಲ್ಲಿ ನೋಡಿ, ಹುಲಿಯನ್ನೇ ನಿಲ್ಲಿಸಿಬಿಟ್ರು."

"ಹೆಸರು," ಎಂದ ಬೀರಪ್ಪ.

"ಹಾಂ, ಅದನ್ನ. ಅದನ್ನ ನಿಲ್ಲಿಸಿಬಿಟ್ರು."

ಗೈಡೂ ನಕ್ಕುಬಿಟ್ಟ. ಹಾಗೆ ನಗುತ್ತಲೇ ದಿವ್ಯಶ್ರೀಯ ಕಡೆ ತಿರುಗಿ, "ನಾನು ಎಷ್ಟೋ ಜನರನ್ನು ಕರಕೊಂಡು ಬಂದಿದ್ದೇನೆ. ಈ ಹುಡುಗಿಯ ಹಾಗೆ ಕೂತವರನ್ನು ಕಂಡಿಲ್ಲ. ಒಂದು ಚೂರೂ ಹೆದರಲಿಲ್ಲ ನೋಡಿ" ಎಂದ. ಭಾಸ್ಕರ ಕೂತಲ್ಲೇ ಒಂದು ಗೇಣು ಬೆಳೆದ. ಅಪ್ಪ ಕೇಳಿಸಿಕೊಂಡನೇ ಎಂದು ಓರೆಗಣ್ಣಿನಿಂದ ನೋಡಿದ. ಬೀರಪ್ಪ ಸಂಚಿ ಬಿಚ್ಚಿ ಅಡಿಕೆ ಹುಡುಕುತ್ತಿದ್ದ.

ಗೇಟಿನ ಹೊರಗೆ ಒಂದು ಚಹಾ ಅಂಗಡಿ ಇತ್ತು. ಸಾಹೇಬರು ಎಲ್ಲರಿಗೂ ಚಹಾ ಹೇಳಿದರು. ಕಲ್ಲಿನ ಬೆಂಚಿನ ಮೇಲೆ ಕೂತು, ಚಹಾ ಅರ್ಧವಾದ ಮೇಲೆ, ಬೀರಪ್ಪ ಮೊಮ್ಮಗಳ ಕಡೆ ತಿರುಗಿದ.

"ಕಂಡ್ಯಾ?"

"ಕಂಡೆ ಅಜ್ಜ."

"ಎಂತ ಆತು?"

ಭಾಸ್ಕರ ಮಗಳ ಮುಖ ನೋಡಿದ. ಇನ್ನೇನು, ಗೈಡ್ ಹೇಳಿದ್ದನ್ನೇ ಹೇಳಿದರೆ ಆಯಿತು. ಹೆದರಲಿಲ್ಲ ಎಂಬ ಒಂದು ಮಾತು. ಅದನ್ನು ಅಲ್ಲಿದ್ದವರೆಲ್ಲ ಕಂಡಿದ್ದರು, ಒಪ್ಪಿಯೂ ಇದ್ದರು.

"ಹೆದರಿಕೆ ಆತು," ಎಂದಳು ದಿವ್ಯಶ್ರೀ. "ಭಾರೀ ಹೆದರಿಕೆ ಆತು. ಉಸಿರು ಬಿಡೂಕೇ ಆಗಲಿಲ್ಲ."

ಚಹಾದ ಲೋಟ ಭಾಸ್ಕರನ ಕೈಯಲ್ಲಿ ಹಾಗೆಯೇ ಉಳಿಯಿತು. ಎಂಥ ಹುಡುಗಿ ಇದು, ಸುಮ್ಮನಿದ್ದರಾಗುತ್ತಿರಲಿಲ್ಲವೇ ಎಂದುಕೊಂಡ. ಏನಾದರೂ ಹೇಳಿ ಸಂಭಾಳಿಸಬೇಕು ಅನಿಸಿತು. "ಅಪ್ಪ, ಅದು ಹಾಂಗಲ್ಲ, ಹುಡುಗಿ..." ಎಂದು ಶುರುಮಾಡಿದ.

"ನೀ ಸುಮ್ಮನಿರು ಮಾರಾಯ," ಎಂದು ಬೀರಪ್ಪ ಅವನನ್ನು ತಡೆದು, ಮೊಮ್ಮಗಳ ಹತ್ತಿರಕ್ಕೆ ಸರಿದು ಕೂತ. "ಎಲ್ಲಿ ಆತು?"

"ಎಲ್ಲಿ ಅಂದ್ರೆ?"

"ಹೆದರಿಕೆ ಅಂದ್ಯಲ. ಮೈಯಲ್ಲಿ ಎಲ್ಲಿ ಬಂತು ಅದು?"

ದಿವ್ಯಶ್ರೀ ಯೋಚಿಸಿದಳು. ಬಲಗೈಯನ್ನು ಹಿಂದಕ್ಕೆ ಹಾಕಿ, ಎರಡು ಭುಜಗಳ ನಡುವೆ, ಕತ್ತಿನ ಬುಡದಲ್ಲಿ ಮುಟ್ಟಿ ತೋರಿಸಿದಳು. "ಇಲ್ಲಿ. ಯಾರೋ ಹಿಡಿದು ಎತ್ತಿದ ಹಾಂಗೆ."

ಮುದುಕ ತನ್ನ ಒರಟು ಕೈಯಿಂದ ಅವಳು ತೋರಿಸಿದ ಜಾಗವನ್ನೇ ಒತ್ತಿದ. "ಗೇರುಸೊಪ್ಪೆ ಹಾದಿಯಲ್ಲಿ ಅದು ಎದುರು ಸಿಕ್ಕಾಗ ನನಗೂ ಅಲ್ಲೇ ಬಂದಿತ್ತು," ಎಂದ. "ಸೌದೆ ಹೊರೆ ತಲೆ ಮೇಲೆ ಇತ್ತು, ಇಳಿಸೂಕೂ ಆಗಲಿಲ್ಲ. ಹೆದರಿಕೆಯನ್ನ ಅಲ್ಲೇ ಇಟ್ಕ ಮಗಾ. ಎಷ್ಟು ಬಂದ್ರೂ ಅಲ್ಲೇ ಹಿಡಕ. ಕಾಲಿಗೆ ಇಳಿಸಬೇಡ. ಕಾಲಿಗೆ ಇಳಿದ್ರೆ ಓಡ್ತೆ, ಹಾರ್ತೆ. ಅಲ್ಲೇ ಇದ್ರೆ ನಿಲ್ತೆ. ಅಷ್ಟೇ ನಿಲುವು ಅಂದ್ರೆ. ಉಳಿದದ್ದು ಬಣ್ಣ."

ದಿವ್ಯಶ್ರೀಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಂದ್ರೆ ವೇಷ ಕೊಡ್ತ್ಯಾ ಅಜ್ಜ?"

"ಮತ್ತೆ ಇಷ್ಟೊತ್ತು ಕೊಟ್ಟದ್ದು ಎಂತ? ಚಹಾ ಕುಡಿ, ತಣಿತು."

ಭಾಸ್ಕರನಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಖುಷಿಯ ಪಕ್ಕದಲ್ಲೇ ಬೇರೊಂದು ಎದ್ದು ಕೂತಿತು. ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟ. "ಇದನ್ನ ನನಗೆ ಎಂತಕ್ಕೆ ಹೇಳಲಿಲ್ಲ ಅಪ್ಪ ನೀನು?"

ಬೀರಪ್ಪ ಮಗನನ್ನು ನೋಡಿದ. ಆ ನೋಟದಲ್ಲಿ ಹಳೆಯ ಸಿಟ್ಟಿರಲಿಲ್ಲ. ಇದ್ದಿದ್ದರೂ ಅದು ಎಂದೋ ಹೋಗಿಯಾಗಿತ್ತು.

"ಮಂಕಿಯಲ್ಲಿ ಚೌಕಿಗೆ ಬಂದು ನೀ ನನ್ನ ಹತ್ರ ಎಂತ ಹೇಳ್ದೆ? ಕಾಲು ಉಳುಕ್ತು ಅಂದೆ. ಉಳುಕಿದ ಕಾಲಿಗೆ ನಾ ಎಣ್ಣೆ ತಿಕ್ಕಿದೆ. ಹೆದರಿಕೆ ಆತು ಅಂದಿದ್ರೆ ಇದನ್ನೇ ಹೇಳ್ತಿದ್ದೆ."

ಹೌದು, ಹಾಗೆಯೇ ಹೇಳಿದ್ದ. ಬಣ್ಣ ಅಳಿಸುವಾಗ ಕನ್ನಡಿ ನೋಡದೆ ಹೇಳಿದ್ದು ಅವನಿಗೆ ನೆನಪಾಯಿತು. ಅಪ್ಪ ಎರಡು ದಿನ ಎಣ್ಣೆ ಕಾಸಿ ತಿಕ್ಕಿದ್ದೂ ನೆನಪಾಯಿತು. ಎದೆಯಲ್ಲಿ ಚುಚ್ಚುತ್ತದೇನೋ ಎಂದು ಕಾದ. ವಿಚಿತ್ರವೆಂದರೆ ಹಾಗೇನೂ ಆಗಲಿಲ್ಲ. ಮಗಳು ಅಂಗಡಿಯವನ ಹತ್ತಿರ ಇನ್ನೊಂದು ಬಿಸ್ಕೆಟ್ ಪೊಟ್ಟಣ ಕೇಳುತ್ತಿದ್ದಳು. ಎಲ್ಲರೂ ಧೈರ್ಯವಂತೆ ಎಂದು ಹೊಗಳುತ್ತಿರುವಾಗ, ಬೇಕಾದ ವೇಷ ಕೈತಪ್ಪುತ್ತದೆಂದು ಗೊತ್ತಿದ್ದೂ, ಹೆದರಿಕೆ ಆಯಿತು ಎಂದು ಹೇಳಲು ಇವಳಿಂದಾಯಿತು. ಅದು ತನ್ನಿಂದ ಬಂದದ್ದಲ್ಲ. ಎಲ್ಲಿಂದ ಬಂದರೇನು, ತನ್ನ ಮನೆಯಲ್ಲಿ ಬೆಳೆಯಿತಲ್ಲ ಎಂದುಕೊಂಡಾಗ ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅಲ್ಲಿ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ, ಮೈಲುಗಲ್ಲಿನ ಮೇಲೆ ಒಂದು ಕಾಲಿಟ್ಟು ಕೃಷ್ಣಾನಂದನಿಗೆ ಫೋನ್ ಮಾಡಿದ.

"ಹಿರೇಗುತ್ತಿ ಆಟಕ್ಕೆ ಹುಲಿ ನಮ್ಮನೆದೇ. ಕುಮಟೆಯವನಿಗೆ ಬೇಡ ಅಂದುಬಿಡು."

"ಯಾರು, ನೀನಾ?" ಕೃಷ್ಣಾನಂದನ ದನಿಯಲ್ಲಿ ಗಾಬರಿ ಇತ್ತು.

"ನಾನಲ್ಲ ಮಾರಾಯ. ನನ್ನ ಮಗಳು."

ಈ ಮಾತನ್ನು ಅವನು ಬೇಕಾದ್ದಕ್ಕಿಂತ ಜೋರಾಗಿ ಹೇಳಿದ. ಚಹಾ ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಸಾಹೇಬರು ಅಲ್ಲಿಂದಲೇ ಕೈ ಎತ್ತಿದರು. ಗೈಡ್ ಮಾತ್ರ, ಮತ್ತೆ ಕೂಗಿದನಲ್ಲ ಈ ಮನುಷ್ಯ ಎಂಬಂತೆ ನೋಡಿದ.

"ಹುಡುಗಿ ಹಾರ್ತದ್ಯಾ?" ಎಂದು ಕೃಷ್ಣಾನಂದ ಕೇಳುತ್ತಿದ್ದ.

"ಹಾರೂದು ನನಗೆ ಗೊತ್ತಿಲ್ಲ," ಎಂದ ಭಾಸ್ಕರ. "ನಿಲ್ತದೆ."